ಗ್ರೋ ಲೈಟ್ ಬ್ಯಾಡ್ರಿ, ಅಂಗಡಿ ಎಲ್‌ಇಡಿ ಟ್ಯೂಬ್ ಸಾಕು

ದೇವಣಗಾಂವ ಬೆಳಕಿಗೆ ಬರ ಇಲ್ಲದ ಊರು. ಭೀಮಾ ನದಿ ದಂಡಿ ಮ್ಯಾಲಿನ ಊರು, ಸೇತುವೆ ದಾಟಿದರೆ ಅಫಜಲಪುರದ ಸೀಮೆ, ಹಿಂದೆ ಬಂದರೆ ಆಲಮೇಲ, ಸಿಂದಗಿ. ಬಿಸಿಲು ಬ್ಯಾಡಂದ್ರೂ ತಲಿ ಮ್ಯಾಲೆ ಇರ್ತದ. ಅಂಥ ಊರಿನ ಕಡೆಯಿಂದ ನಮ್ಮ ಸಂಘದ ಗೆಳೆಯರಿಗೆ ಈಗೀಗ ಒಂದೇ ನಮೂನಿ ಫೋನ್ ಬರ್ತಾವ: "ಅಣ್ಣಾ, ನೀವು ಇಂಜಿನಿಯರಿಂಗ್ ಓದಾಕತ್ತೀರಿ, ಖೋಲಿಯೊಳಗ ಸಸಿ ಬೆಳಿಯೂ ಎಲ್‌ಇಡಿ ಯಾವುದು ತಗೋಬೇಕು ಹೇಳ್ರಿ."

ಕೇಳುವವರು ದೊಡ್ಡ ಕಂಪನಿಯವರಲ್ಲ. ಹಿಂದಿನ ಖೋಲಿಯೊಳಗ ಒಂದು ಕಬ್ಬಿಣದ ರ್‍ಯಾಕ್ ಇಟ್ಟು ಮೆಂತ್ಯ, ಸಾಸಿವೆ, ಮೂಲಂಗಿಯ ಎಳೆ ಸೊಪ್ಪು ಬೆಳೆದು ಪ್ಯಾಟಿಗೆ ಕಳಿಸುವವರು, ಮಳೆಗಾಲದಾಗ ಮೆಣಸಿನಕಾಯಿ, ಬದನಿ ಸಸಿಯನ್ನು ಮೊದಲ ಹತ್ತು ದಿನ ಒಳಗೇ ಕಾಯುವವರು. ರ್‍ಯಾಕಿಗೆ ಹಳೆಯ ಟ್ಯೂಬ್‌ಲೈಟ್ ಕಟ್ಟಿರ್ತಾರೆ. ಕರೆಂಟ್ ಬಿಲ್ ನೋಡಿ ಎಲ್‌ಇಡಿಗೆ ಹೋಗೋಣ ಅಂತಾರೆ. ಹುಡುಕಿದಾಗ ಮೊಬೈಲಿನಲ್ಲಿ ಕಾಣೋದು ನೇರಳೆ ಬಣ್ಣದ, "1000 ವ್ಯಾಟ್" ಅಂತ ಬರೆದ, ಸಾವಿರಾರು ರೂಪಾಯಿಯ ಡಬ್ಬಿ. ಕೈಯಾಗಿರೋದು ಮೂರು ಸಾವಿರ ರೊಕ್ಕ. ಉಳಿದದ್ದನ್ನ ಯಾರ ಹತ್ರ ಕೈಗಡ ತರಬೇಕು ಅನ್ನೋದೇ ಚಿಂತಿ.

ನಮ್ಮ ಅಭಿಪ್ರಾಯ ಇಷ್ಟೇ: ಆ ಸಾಲ ಬ್ಯಾಡ. ಸೊಪ್ಪು ಮತ್ತು ಸಸಿಗೆ ಬೇಕಾದ ಗ್ರೋ ಲೈಟ್ ಆಲಮೇಲ, ಸಿಂದಗಿಯ ಯಾವ ಇಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುವ ಬಿಳಿ ಎಲ್‌ಇಡಿ ಟ್ಯೂಬೇ. ಇದನ್ನ ಸುಮ್ಮನೆ ನಂಬಬ್ಯಾಡ್ರಿ, ಲೆಕ್ಕ ನೋಡ್ರಿ.

ನೇರಳೆ ಯಾಕೆ ಬಂತು?

ಎಲೆ ಹಸಿರಾಗಿ ಕಾಣ್ತದ, ಅಂದ್ರ ಹಸಿರು ಬೆಳಕನ್ನ ಹೊರಗೆ ಚೆಲ್ತದ, ಹಂಗಾದ್ರ ಕೆಂಪು ಮತ್ತು ನೀಲಿ ಕೊಟ್ಟರೆ ಸಾಕು ಅನ್ನೋ ವಾದ ನಾವು ಪಿಯುಸಿಯಲ್ಲಿ ಓದಿದ್ದು. ಅದು ಅರ್ಧ ಸತ್ಯ. 1972ರಲ್ಲಿ ಕೀತ್ ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ದ್ಯುತಿಸಂಶ್ಲೇಷಣೆ ಎಷ್ಟು ನಡೆಯುತ್ತದೆ ಅಂತ ಅಳೆದದ್ದನ್ನು ಪ್ರಕಟಿಸಿದರು. 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕೆಲ್ಲ ಎಲೆಗೆ ಕೆಲಸಕ್ಕೆ ಬರ್ತದ, ಹಸಿರು ಕೂಡ. ಕೆಂಪು ಸ್ವಲ್ಪ ಹೆಚ್ಚು, ಅಷ್ಟೇ.

ಇನ್ನು ಬಿಳಿ ಎಲ್‌ಇಡಿ ಅಂದ್ರ ಏನು? ಒಳಗಿರೋದು ನೀಲಿ ಚಿಪ್. 2014ರ ಭೌತಶಾಸ್ತ್ರದ ನೊಬೆಲ್ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ ಬಂದದ್ದು ಇದೇ ನೀಲಿ ಎಲ್‌ಇಡಿಗೆ. ಅದರ ಮೇಲೆ ಬಳಿದ ಹಳದಿ ರಂಜಕದ ಪದರ ನೀಲಿಯ ಒಂದು ಪಾಲನ್ನ ಹಸಿರು, ಹಳದಿ, ಕೆಂಪಾಗಿ ಬದಲಿಸ್ತದ. ಅಂದರೆ ನೀಲಿಯೂ ಐತಿ, ಕೆಂಪೂ ಐತಿ. ಜೊತೆಗೆ ಒಂದು ಲಾಭ: ಬಿಳಿ ಬೆಳಕಿನಲ್ಲಿ ಎಲೆ ಹಳದಿಯಾದದ್ದು, ಬೂಷ್ಟು ಹಿಡಿದದ್ದು ಕಣ್ಣಿಗೆ ಕಾಣ್ತದ. ನೇರಳೆ ಬೆಳಕಿನಲ್ಲಿ ಒಳ್ಳೆ ಎಲೆಯೂ ಕರ್ರಗೆ, ಕೆಟ್ಟ ಎಲೆಯೂ ಕರ್ರಗೆ.

ಬೆಲೆಯ ಮಾತಿಗೂ ಒಂದು ಇತಿಹಾಸ ಐತಿ. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಯ್ತು. ಅದೇ ವರ್ಷದ ಕೊನೆಗೆ ನಮ್ಮ ರಾಜ್ಯದಲ್ಲಿ ಅದು "ಹೊಸ ಬೆಳಕು" ಹೆಸರಲ್ಲಿ ಬಂತು, 9 ವ್ಯಾಟ್‌ನ ಬಲ್ಬ್ ಮನೆಮನೆಗೆ 100 ರೂಪಾಯಿಗೆ ಸಿಕ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಂಡದ್ದರಿಂದ ಬಿಳಿ ಎಲ್‌ಇಡಿ ಸೋವಿಯಾಯ್ತು. ಆ ಸೋವಿಯ ಲಾಭ ಸಾಮಾನ್ಯ ಟ್ಯೂಬಿಗೆ ಸಿಕ್ಕೈತಿ, "ಗ್ರೋ ಲೈಟ್" ಅಂತ ಚೀಟಿ ಅಂಟಿಸಿದ ಡಬ್ಬಿಗೆ ಸಿಕ್ಕಿಲ್ಲ.

ಒಂದು ರ್‍ಯಾಕಿನ ಲೆಕ್ಕ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಮೂರು ಅಂತಸ್ತಿನ ರ್‍ಯಾಕ್ ಹಿಡೀರಿ. ಅಂತಸ್ತಿಗೆ ಎರಡರಂತೆ ಆರು ಹಳೆಯ 36 ವ್ಯಾಟ್ ಟ್ಯೂಬ್. ತಾಮ್ರದ ಚೋಕ್ ತಿನ್ನುವುದನ್ನೂ ಸೇರಿಸಿದರೆ ಒಂದೊಂದು ಸುಮಾರು 46 ವ್ಯಾಟ್ ಎಳೀತದ. ಆರಕ್ಕೆ 276 ವ್ಯಾಟ್. ದಿನಕ್ಕೆ 16 ತಾಸು ಉರಿದರೆ ತಿಂಗಳಿಗೆ 132 ಯೂನಿಟ್. ಅದರ ಜಾಗಕ್ಕೆ ಆರು 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಹಾಕಿದರೆ 120 ವ್ಯಾಟ್, ತಿಂಗಳಿಗೆ 58 ಯೂನಿಟ್. ಉಳಿತಾಯ ಹತ್ತಿರ ಹತ್ತಿರ 75 ಯೂನಿಟ್. ಯೂನಿಟ್‌ಗೆ 6 ರೂಪಾಯಿ, ಟ್ಯೂಬಿಗೆ 250 ರೂಪಾಯಿ ಅಂತ ಹಿಡಿದರೆ 1,500 ರೂಪಾಯಿ ಖರ್ಚು, ತಿಂಗಳಿಗೆ 450 ರೂಪಾಯಿ ಉಳಿಕೆ. ನಾಲ್ಕು ತಿಂಗಳೊಳಗೆ ಹಾಕಿದ ರೊಕ್ಕ ವಾಪಸ್.

"ನಮಗೇನು, ಗೃಹಜ್ಯೋತಿ ಐತಲ್ಲ, ಕರೆಂಟ್ ಫುಕಟ್" ಅನ್ನುವವರು ಇಲ್ಲೇ ಸಿಕ್ಕಿಬೀಳ್ತಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟೇ ಪುಕ್ಕಟೆ. ಅದನ್ನ ದಾಟಿದ ಯೂನಿಟ್‌ಗೆ ರೊಕ್ಕ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 80 ಯೂನಿಟ್ ಖರ್ಚಾಗುವಲ್ಲಿ ಹಳೆ ಟ್ಯೂಬಿನ 132 ಸೇರಿದರೆ 212. ಆ ತಿಂಗಳು ಮನೆಯ ಫ್ಯಾನು, ಟಿವಿಯ ಬಿಲ್ಲೂ ನಿಮ್ಮ ಮ್ಯಾಲೇ. ಎಲ್‌ಇಡಿ ಆದರೆ 138ಕ್ಕೆ ನಿಲ್ತದ. ಬಡವರ ಮನೆಗೆ ಎಲ್‌ಇಡಿ ಬೇಕಾಗೋದು ಪರಿಸರ ಉಳಿಸಾಕ ಅಷ್ಟೇ ಅಲ್ಲ, ಈ ಗೆರೆಯ ಈ ಕಡೆ ಉಳಿಯಾಕ. ಮಾರಾಟಕ್ಕೆ ದೊಡ್ಡದಾಗಿ ಬೆಳೆಯುವವರು ಮಾತ್ರ ಮನೆ ಮೀಟರಿನ ಮೇಲೆ ಅದನ್ನ ನಡೆಸಬಹುದೋ ಇಲ್ಲೋ ಅಂತ ಹೆಸ್ಕಾಂ ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳೋದು ಒಳ್ಳೇದು.

ಬೆಳಕು ಸಾಲ್ತದೋ ಇಲ್ಲೋ? 20 ವ್ಯಾಟ್ ಎಲ್‌ಇಡಿ ಟ್ಯೂಬ್ ಸುಮಾರು 2,000 ಲ್ಯುಮೆನ್ ಕೊಡ್ತದ. ಹಳೆ ಟ್ಯೂಬ್ ಹೊಸದಿದ್ದಾಗ ಇದಕ್ಕಿಂತ ಸ್ವಲ್ಪ ಹೆಚ್ಚೇ ಕೊಡ್ತದ ಖರೆ, ಆದರೆ ಅದರ ಬೆಳಕು ಸುತ್ತ ಚೆಲ್ತದ, ಅರ್ಧ ಮೇಲಕ್ಕೇ ಹೋಗ್ತದ. ಎಲ್‌ಇಡಿ ಬೆಳಕು ಕೆಳಗೇ ಬೀಳ್ತದ. ಅಂತಸ್ತಿಗೆ ಎರಡು ಹಾಕಿ ತಟ್ಟೆಯಿಂದ ಒಂದಡಿ ಮ್ಯಾಲೆ ಕಟ್ಟಿದರೆ ಸುಮಾರು 5,000 ಲಕ್ಸ್ ಲೆಕ್ಕ ಬರ್ತದ, ಎಳೆ ಸೊಪ್ಪಿಗೆ ನಡೀತದ. ಸಸಿ ಗಿಡ್ಡಗೆ, ಗಟ್ಟಿಯಾಗಿ ಬೇಕಿದ್ದರೆ ಮೂರು ಹಾಕ್ರಿ. ಟೊಮೆಟೊ, ಮೆಣಸಿನಕಾಯಿ ಹಣ್ಣು ಬಿಡುವವರೆಗೆ ಒಳಗೇ ಬೆಳೀತೀನಿ ಅಂದ್ರ ಇದರ ಹಲವು ಪಟ್ಟು ಬೆಳಕು ಬೇಕು. ಹೊರಗಿನ ಬಿಸಿಲು ಲಕ್ಷ ಲಕ್ಸ್ ಹತ್ತಿರ ಪುಕ್ಕಟೆ ಬೀಳುವ ಊರಲ್ಲಿ ಅದಕ್ಕೆ ರೊಕ್ಕ ಸುರಿಯೋದು ಶಾಣ್ಯಾತನ ಅಲ್ಲ. ನೆರಳು ಬಲೆ ಕಟ್ರಿ, ಹೊರಗೇ ಬೆಳೀರಿ.

ಊಟದ ಬೆಳಕು, ಸನ್ನೆಯ ಬೆಳಕು

ನಮ್ಮ ಜಿಲ್ಲೆಯಲ್ಲಿ ಡ್ರ್ಯಾಗನ್ ಫ್ರೂಟ್ ಹಾಕಿದವರು ಇನ್ನೊಂದು ಪ್ರಶ್ನೆ ಕೇಳ್ತಾರೆ: ತೋಟದಾಗ ರಾತ್ರಿ ಬಲ್ಬ್ ಹಾಕ್ತಾರಲ್ಲ, ಅದೂ ಇದೂ ಒಂದೇನು? ಅಲ್ಲ. ರ್‍ಯಾಕಿನ ಬೆಳಕು ಗಿಡಕ್ಕೆ ಊಟ. ತೋಟದ ಬಲ್ಬಿನ ಬೆಳಕು ಬರೇ ಸನ್ನೆ. ಡ್ರ್ಯಾಗನ್ ಗಿಡ ದೊಡ್ಡ ಹಗಲಿಗೆ ಹೂ ಬಿಡ್ತದ, ಚಳಿಗಾಲದಲ್ಲಿ ರಾತ್ರಿ ಕೆಲವು ತಾಸು ಬೆಳಕು ಕೊಟ್ಟರೆ ಅದಕ್ಕೆ ಹಗಲು ದೊಡ್ಡದಾಯ್ತು ಅನಿಸ್ತದ. ವಿಯೆಟ್ನಾಮಿನ ಬಿನ್ ಥುವಾನ್ ಪ್ರಾಂತದ ರೈತರು ಇದನ್ನೇ ಮಾಡಿ ಮೊದಲು ಹಳೆ ತಂತಿ ಬಲ್ಬಿನಿಂದ ಸಿಎಫ್‌ಎಲ್‌ಗೆ, ಆಮೇಲೆ ಎಲ್‌ಇಡಿಗೆ ಬಂದರು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆಗೆ ರಾತ್ರಿ ಬಲ್ಬ್ ಹಾಕೋದು ಇದರ ಉಲ್ಟಾ ಕೆಲಸಕ್ಕೆ, ಅಲ್ಲಿ ಬೇಗ ಹೂ ಬಿಡದಂತೆ ತಡೀಬೇಕು. ಸನ್ನೆಗೆ ಸಣ್ಣ ಬಲ್ಬ್ ಸಾಕು, ಊಟಕ್ಕೆ ಸಾಲದು. ಎರಡನ್ನೂ ಒಂದೇ ಅಂತ ಹೇಳಿ ಮಾರುವವರ ಮಾತು ಕೇಳಬ್ಯಾಡ್ರಿ.

ಮೂರು ಸಾವಿರ ಎಲ್ಲಿ ಹಾಕಬೇಕು?

ಒಮ್ಮೆಲೇ ಆರೂ ಬದಲಿಸಬ್ಯಾಡ್ರಿ. ಒಂದು ಅಂತಸ್ತಿಗೆ ಎರಡು ಎಲ್‌ಇಡಿ ಹಾಕಿ, ಅದೇ ಬೀಜ ಮೂರೂ ಅಂತಸ್ತಿನಲ್ಲಿ ಬಿತ್ತಿ, ಎರಡು ವಾರ ನೋಡ್ರಿ. ಸರಿ ಅನಿಸಿದರೆ ಉಳಿದ ನಾಲ್ಕು. ಹಳೆ ಪಟ್ಟಿಗೆ ಎಲ್‌ಇಡಿ ಕಡ್ಡಿ ಸಿಕ್ಕಿಸುವ ಉಸಾಬರಿಗಿಂತ ಪಟ್ಟಿ ಸಮೇತ ಹೊಸದೇ ತಗೋರಿ. ಚೋಕ್, ಸ್ಟಾರ್ಟರ್ ಬಿಟ್ಟು ವೈರ್ ಬದಲಿಸೋದು ತಿಳಿದವರ ಕೆಲಸ, ಬೆಲೆಯಲ್ಲಿ ದೊಡ್ಡ ಫರಕೂ ಇಲ್ಲ. ತೆಗೆದ ಟ್ಯೂಬನ್ನ ಒಡೀಬಾರದು, ಒಳಗೆ ಪಾದರಸ ಇರ್ತದ.

ಟ್ಯೂಬಿಗೆ ಹೋದ 1,500 ಬಿಟ್ಟು ಉಳಿದದ್ದರಲ್ಲಿ ಮೊದಲು ಟೈಮರ್. ಕೈಲೇ ಹಚ್ಚಿ ಆರಿಸುವವರ ಮನೆಯಲ್ಲಿ 16 ತಾಸು ಯಾವಾಗ 20 ಆಗ್ತದೋ ಗೊತ್ತಾಗೋದಿಲ್ಲ. ಆಮೇಲೆ ರ್‍ಯಾಕಿನ ಎರಡೂ ಬದಿಗೆ ಬಿಳಿ ಹಾಳೆಯೋ ಥರ್ಮಾಕೋಲೋ ಕಟ್ರಿ. ಗೋಡೆಗೆ ಬೀಳುವ ಬೆಳಕು ತಟ್ಟೆಗೆ ತಿರುಗ್ತದ. ಆಮೇಲೆ ಒಳ್ಳೆ ವೈರು, ಒಂದು ಎಂಸಿಬಿ. ನೀರು ಚಿಮುಕಿಸುವ ಜಾಗ ಅದು, ಜೀವಕ್ಕಿಂತ ಸೊಪ್ಪು ದೊಡ್ಡದಲ್ಲ. ಉಳಿದರೆ ಸಣ್ಣ ಫ್ಯಾನ್.

"ಎಲ್‌ಇಡಿ ಆರು ತಿಂಗಳಿಗೇ ಹೋಗ್ತದ" ಅನ್ನೋ ದೂರು ಸುಳ್ಳಲ್ಲ. ಹೋಗೋದು ಹೆಚ್ಚಾಗಿ ಚಿಪ್ ಅಲ್ಲ, ಅದರ ಡ್ರೈವರ್. ಅದನ್ನ ಕೊಲ್ಲೋದು ಎರಡು: ಬಿಸಿ ಮತ್ತು ಏರಿಳಿಯುವ ವೋಲ್ಟೇಜ್. ಡಬ್ಬಿ ಮೇಲೆ ಎಷ್ಟರಿಂದ ಎಷ್ಟು ವೋಲ್ಟ್ ತಡೀತದ ಅಂತ ಬರೆದಿರ್ತಾರೆ, ಹೆಚ್ಚು ಅಗಲದ ವ್ಯಾಪ್ತಿ ಇದ್ದದ್ದನ್ನ ಆರಿಸ್ರಿ. ಬಿಲ್ಲು, ವಾರಂಟಿ ಚೀಟಿ ಜ್ವಾಕಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ದೀಪವನ್ನ ಹಗಲು ಆರಿಸಿ ರಾತ್ರಿ ಹಚ್ಚೋದು ಚಲೋ, ಸಸಿಗೂ ಹಿತ, ಡ್ರೈವರ್‌ಗೂ ಹಿತ. ಡಿಸೆಂಬರಿನಲ್ಲಿ ಇದರ ಇನ್ನೊಂದು ಮುಖ ಕಾಣ್ತದ: ಹಳೆ ಟ್ಯೂಬ್ ಕೊಡ್ತಿದ್ದ ಬಿಸಿ ಈಗ ಇಲ್ಲ, ಮೊಳಕೆ ಒಂದೆರಡು ದಿನ ತಡ ಆದೀತು. ಬೀಜ ಕೆಟ್ಟದ್ದು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗೋದು ಬ್ಯಾಡ.

ಒಂದು ಮಾತು ಒಪ್ಪಲೇಬೇಕು. ಬೆಳೆಗೆಂದೇ ಮಾಡಿದ ಒಳ್ಳೆಯ ಎಲ್‌ಇಡಿ ಇವೆ, ಅದೇ ಕರೆಂಟಿಗೆ ಮನೆ ಟ್ಯೂಬಿಗಿಂತ ಹೆಚ್ಚು ಕೆಲಸದ ಬೆಳಕು ಕೊಡ್ತಾವ. ಹತ್ತಾರು ರ್‍ಯಾಕ್ ಇಟ್ಟು ವರ್ಷಪೂರ್ತಿ ನಡೆಸುವವರಿಗೆ, ಬಾಳೆ, ಕಬ್ಬಿನ ಅಂಗಾಂಶ ಕೃಷಿಯ ದೊಡ್ಡ ಲ್ಯಾಬಿಗೆ ಅದು ಲೆಕ್ಕ ಹಾಕಿ ನೋಡಬೇಕಾದ ಮಾತು. ಅಲ್ಲಿ ಬೆಳಕಿನ ಬಿಸಿಯನ್ನ ಹೊರಹಾಕಲು ಎಸಿಗೂ ಕರೆಂಟ್ ಹೋಗ್ತದ, ಹಂಗಾಗಿ ಒಂದೊಂದು ವ್ಯಾಟೂ ತುಟ್ಟಿ. ಒಂದು ರ್‍ಯಾಕಿನ ಮನೆಗೆ ಆ ಲೆಕ್ಕ ಕೂಡೋದಿಲ್ಲ.

ನಮ್ಮ ಪಾಲಿನ ಕೆಲಸ

ಇನ್ನು ನಮ್ಮ ಕಡೆಗೇ ಬರೋಣ. ಪ್ರತಿ ವರ್ಷ ಕೊನೆಯ ಸೆಮಿಸ್ಟರಿನಲ್ಲಿ "ಸ್ಮಾರ್ಟ್ ಒಳಾಂಗಣ ಕೃಷಿ" ಅಂತ ನೇರಳೆ ಪಟ್ಟಿ, ನಾಲ್ಕು ಸೆನ್ಸರ್, ಒಂದು ಆ್ಯಪ್ ಇರುವ ಮಾದರಿ ಎಷ್ಟು ಕಾಲೇಜಿನಲ್ಲಿ ಆಗ್ತಾವೋ. ಪರೀಕ್ಷಕರು ಬಂದು ಹೋದ ಮರುದಿನ ಗಿಡ ಒಣಗ್ತದ. ಅದೇ ಹುಡುಗರು ಒಂದು ಟೇಪು, ಒಂದು ಲಕ್ಸ್ ಮೀಟರ್ ಹಿಡಿದು ದೇವಣಗಾಂವದಂಥ ಊರಿನ ಒಂದು ಖೋಲಿಗೆ ಹೋಗಿ ಎಷ್ಟು ಬೆಳಕು ಬೀಳ್ತದ, ಎಷ್ಟು ಕರೆಂಟ್ ಹೋಗ್ತದ ಅಂತ ಬರೆದುಕೊಂಡು ಬಂದರೆ ಅದು ಇಂಜಿನಿಯರಿಂಗ್ ಅಲ್ಲವೇ? ಅಂಕ ಕೊಡುವವರೂ ಇದನ್ನ ಯೋಚಿಸಬೇಕು.

ಉಪಕರಣ ಇಲ್ಲ ಅನ್ನಬ್ಯಾಡ್ರಿ. ಮೊಬೈಲಿನ ಲಕ್ಸ್ ಆ್ಯಪ್ ನಿಖರ ಅಲ್ಲ, ಆದರೂ ಎರಡು ಜಾಗ ಹೋಲಿಸಿ ನೋಡಲು ಸಾಕು. "1000 ವ್ಯಾಟ್" ಡಬ್ಬಿಯ ಬಣ್ಣ ಬಯಲು ಮಾಡಲು ಮನೆ ಮೀಟರೇ ಸಾಕು. ಅದರ ಮೇಲೆ ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರ್ತದ. 3,200 ಅಂತ ಇದ್ದರೆ, ಉಳಿದದ್ದೆಲ್ಲ ಬಂದ್ ಮಾಡಿ ಆ ದೀಪ ಒಂದೇ ಹಚ್ಚಿದಾಗ, ಖರೇನೇ 1000 ವ್ಯಾಟ್ ಎಳೆಯೋದಾದರೆ ಕೆಂಪು ದೀಪ ನಿಮಿಷಕ್ಕೆ 53 ಸಲ ಮಿಣುಕಬೇಕು. ಐದಾರು ಸಲ ಮಿಣುಕಿದರೆ ಅದು 100 ವ್ಯಾಟಿನದು. ಕೊಳ್ಳುವ ಮುಂಚೆ ಇಷ್ಟು ನೋಡಿಕೊಟ್ಟರೆ ಒಂದು ಮನೆಯ ಸಾಲ ತಪ್ಪೀತು.

ಮತ್ತೊಂದು ಕೆಲಸ ನಮ್ಮ ಕನ್ನಡ ಸಂಘದ್ದೇ. ಲ್ಯುಮೆನ್, ವ್ಯಾಟ್, ವೋಲ್ಟ್ ವ್ಯಾಪ್ತಿ, ವಾರಂಟಿ ಎಲ್ಲ ಡಬ್ಬಿ ಮೇಲೆ ಇಂಗ್ಲಿಷಿನಲ್ಲಿ, ಇರುವೆ ಅಕ್ಷರದಲ್ಲಿ ಇರ್ತಾವ. ಓದಲಾಗದವರು ಅಂಗಡಿಯವರ ಮಾತು ನಂಬಿ ತರ್ತಾರೆ. ಡಬ್ಬಿಯಲ್ಲಿ ಏನು ನೋಡಬೇಕು, ರ್‍ಯಾಕಿಗೆ ಎಷ್ಟು ಟ್ಯೂಬ್ ಬೇಕು, ತಿಂಗಳಿಗೆ ಎಷ್ಟು ಯೂನಿಟ್ ಆಗ್ತದ ಅನ್ನೋದನ್ನ ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಆಲಮೇಲ, ಸಿಂದಗಿ, ಇಂಡಿಯ ಇಲೆಕ್ಟ್ರಿಕ್ ಅಂಗಡಿಗಳ ಗೋಡೆಗೆ ಅಂಟಿಸೋಣ. ರಾಜ್ಯೋತ್ಸವಕ್ಕೆ ಬ್ಯಾನರ್ ಕಟ್ಟುವ ರೊಕ್ಕದಲ್ಲಿ ಒಂದು ಪಾಲು ಸಾಕು. ಬರುವ ರಜೆಗೆ ಊರಿಗೆ ಹೋಗುವವರು ಹೆಸರು ಕೊಡ್ರಿ, ಹಾಳೆ ನಾವು ಬರೀತೀವಿ.