ಗಾಡಿ ನಡಗೂದು ಗಂಡಸರಷ್ಟ ನೋಡೂ ವಿಷಯ ಅಲ್ಲ

ನಮ್ಮ ಕಡೆ ಎಷ್ಟೋ ಮನಿಗೋಳ ಸಂಸಾರ ಒಂದು ಪಿಕಪ್ ಗಾಡಿ ಮ್ಯಾಲೆ ನಿಂತೈತಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿ ಅಮರಗೋಳ ಎ.ಪಿ.ಎಂ.ಸಿ.ಗೆ ಹೋಗೂದೂ ಅದ, ಲಗ್ನದ ಸಾಮಾನು ತರೂದೂ ಅದ. ಅಂಥಾ ಗಾಡಿ 60-70ರ ಸ್ಪೀಡಿಗೆ ಗಡಗಡ ನಡಗಾಕ ಹತ್ತಿದ್ರ, ‘ನಾಕೂ ಟೈರ್ ಹೊಸಾವು ಹಾಕ್ರಿ’ ಅಂತ ಯಾರೋ ಹೇಳತಾರ, ಮನಿಯವರು ಕೂಡಿಟ್ಟ ರೊಕ್ಕ ತಗೀತಾರ. ಅಕ್ಕಾರ, ವೈನ್ಯಾರ, ರೊಕ್ಕ ಕೊಡೂಕಿಂತ ಮೊದಲ ನಾವೂ ನಾಕು ಮಾತು ಕೇಳಬೇಕು ಅನ್ನೂದು ನನ್ನ ವಾದ.

ವಾಷಿಂಗ್ ಮಷೀನಿನ್ಯಾಗ ತೊಯ್ದ ಚಾದರ ಒಂದ ಕಡೆ ಮುದ್ದಿ ಆದ್ರ, ಹಿಂಡೂ ಹೊತ್ತಿಗೆ ಮಷೀನ್ ಕುಣೀತೈತಿ. ಮೆಲ್ಲಕ ತಿರಗೂವಾಗ ಸುಮ್ಮನಿರತೈತಿ. ಗಾಲಿದೂ ಅದ ಕಥಿ. ಒಂದು ಕಡೆ ಸ್ವಲ್ಪ ವಜ್ಜಿ ಹೆಚ್ಚಾದ್ರ ಸಾಕು. ಸ್ಪೀಡ್ ಎರಡು ಪಟ್ಟಾದ್ರ ಅದರ ಎಳೆತ ನಾಕು ಪಟ್ಟಾಗತೈತಿ. 70ರ ಸ್ಪೀಡಿಗೆ ಪಿಕಪ್ಪಿನ ಗಾಲಿ ಸೆಕೆಂಡಿಗೆ ಸುಮಾರು 8 ಸಲ ತಿರಗತೈತಿ. ಅದಕ್ಕ 40ಕ್ಕ ಗೊತ್ತಾಗದ್ದು 70ಕ್ಕ ಗೊತ್ತಾಗೂದು.

ಇನ್ನ ನಡುಕ ಎಲ್ಲಿ ಬರತೈತಿ ಅನ್ನೂದು ಬಾಜೂಕ ಕುಂತವರಿಗೂ ತಿಳೀತೈತಿ. ಸ್ಟೇರಿಂಗ್ ನಡಗಿದ್ರ ಹೆಚ್ಚಾಗಿ ಮುಂದಿನ ಗಾಲಿ. ಸೀಟು, ಕಾಲ ಕೆಳಗಿನ ತಗಡು ನಡಗಿದ್ರ ಹಿಂದಿನ ಗಾಲಿ, ಇಲ್ಲಾ ಎಂಜಿನ್ನಿಂದ ಹಿಂದಕ್ಕ ಹೋಗೂ ಶಾಫ್ಟು. ಆ ಶಾಫ್ಟು ಗಾಲಿಗಿಂತ ಬಾಳ ಜೋರ ತಿರಗೂದಕ್ಕ ಅದರ ನಡುಕ ಸಣ್ಣದು, ಗುಂಯ್ ಅಂತಿರತೈತಿ. ಬ್ರೇಕ್ ಒತ್ತಿದಾಗಷ್ಟ ನಡಗಿದ್ರ ಬ್ರೇಕಿನ ಡಿಸ್ಕು, ಡ್ರಮ್ಮು ನೋಡಬೇಕು. ನಿಂತಲ್ಲೇ ಎಕ್ಸಲೇಟರ್ ಒತ್ತಿದಾಗೂ ನಡಗಿದ್ರ ಅದು ಎಂಜಿನ್ ಕಡೀದು, ಟೈರಿಗೆ ರೊಕ್ಕ ಸುರದು ಉಪಯೋಗಿಲ್ಲ.

ಕೆಲಸಾನೂ ಅಗ್ಗದ್ದರಿಂದ ಶುರು ಆಗ್ಲಿ. ಮೊದಲ ಗಾಡಿ ನಿಲ್ಲಿಸಿ ಗಾಲಿ ನಟ್ಟು ಬಿಗಿ ಅದಾವೇನು ನೋಡಬೇಕು; ಅವು ಸಡಿಲಾಗಿದ್ರ ಗಾಲೀನ ಕಳಚತೈತಿ, ಜೀವಕ್ಕ ಸಂಚಕಾರ. ಆಮ್ಯಾಲೆ ಗಾಳಿ, ಟೈರಿಗೆ ಬಾವು. ಆಮ್ಯಾಲೆ ಮಣ್ಣು. ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲಕ್ಕ ಮಳ್ಯಾಗ ಇಳದ ಗಾಡಿ ಗಾಲಿ ಒಳಮೈಗೆ ಅಂಟಿದ ಮಣ್ಣು ಒಣಗಿ ಕಲ್ಲಾಗಿರತೈತಿ. ಅಷ್ಟು ತೊಳದ್ರನ ಎಷ್ಟೋ ಸಲ ನಡುಕ ನಿಲ್ಲತೈತಿ. ನಿಲ್ಲಲಿಲ್ಲಂದ್ರ ಬ್ಯಾಲೆನ್ಸಿಂಗ್: ಮಷೀನಿಗೆ ಹಾಕಿ, ಹಗರ ಇದ್ದ ಕಡೆ ಸಣ್ಣ ತೂಕದ ತುಂಡು ಕೂಡಸತಾರ. ಮುಂದಿನ ಗಾಲಿ ಹಿಂದ, ಹಿಂದಿಂದು ಮುಂದ ಹಾಕಿ ನೋಡಿದ್ರೂ ಗುಟ್ಟು ಸಿಗತೈತಿ. ನಡುಕ ಗಾಲಿ ಕೂಡ ಜಾಗಾ ಬದಲಿಸಿದ್ರ ತಪ್ಪು ಆ ಗಾಲೀದು.

ಅಲೈನ್‌ಮೆಂಟ್ ಬ್ಯಾರೆ, ಬ್ಯಾಲೆನ್ಸಿಂಗ್ ಬ್ಯಾರೆ. ಗಾಡಿ ಒಂದು ಕಡೆ ಎಳದ್ರ, ಟೈರ್ ಒಂದ ಅಂಚಿಗೆ ಸವದ್ರ ಅಲೈನ್‌ಮೆಂಟ್. ಸ್ಪೀಡಿಗೆ ನಡಗಿದ್ರ ಬ್ಯಾಲೆನ್ಸಿಂಗ್. ಬಿಲ್ಲಿನ್ಯಾಗ ಯಾವುದು ಬರದಾರ ಓದ್ರಿ. ಇಷ್ಟಾದ ಮ್ಯಾಲೂ ನಡಗಿದ್ರ ಶಾಫ್ಟಿನ ಕ್ರಾಸ್ ಸವದೈತೇನು ನೋಡಸ್ರಿ. ಹೆಚ್ಚು ಹೇರಾಕ ಅಂತ ಹಿಂದ ಪಾಟಾ ಏರಿಸಿದ್ರ ಶಾಫ್ಟಿನ ಓರಿ ಬದಲಾಗಿ ಹೊಸಾದಾಗಿ ನಡುಕ ಬರೂದೂ ಐತಿ.

ಬಾವು ಬಂದ, ಸವದು ನುಣ್ಣಗಾದ ಟೈರ್ ಬದಲಿಸಲೇಬೇಕು, ಅದಕ್ಕ ಜುಗ್ಗತನ ಬ್ಯಾಡ. ಆದ್ರ ಕಾರಣ ತಿಳೀದ ಸಾಮಾನು ಬದಲಿಸೂದು ಜಡ್ಡು ತಿಳೀದ ಗುಳಿಗಿ ನುಂಗಿದಂಗ. ಎಷ್ಟರ ಸ್ಪೀಡಿಗೆ, ಎಲ್ಲಿ, ಬ್ರೇಕ್ ಒತ್ತಿದಾಗೋ ಸುಮ್ಮನಿದ್ದಾಗೋ: ಇಷ್ಟು ಒಂದು ಚೀಟಿ ಮ್ಯಾಲೆ ಬರದು ಮಿಸ್ತ್ರಿ ಕೈಗೆ ಕೊಟ್ಟು ಕಳಸ್ರಿ. ಕೇಳಿದ್ರ ನಗತಾರ ಅಂತ ಸುಮ್ಮನಿರಬ್ಯಾಡ್ರಿ. ಆ ಗಾಡ್ಯಾಗ ಕುಂತು ಹೋಗೂದು ನಮ್ಮ ಮಕ್ಕಳು, ಹೋಗೂ ರೊಕ್ಕ ನಮ್ಮ ಮನೀದು.