ಸೋಮಾರಿತನವಲ್ಲ, ಮೆದುಳಿನ ತೂಬು ತೆರೆಯುತ್ತಿಲ್ಲ

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ತೊಂದರೆ ಏನೆಂದು ನಾನು ಕೇಳಿದ್ದು ತಂದೆಯನ್ನು. ಉತ್ತರ ಕೊಟ್ಟವರು ಮಗ. "ಕಾಯಿಲೆ ಏನೂ ಇಲ್ಲ ಡಾಕ್ಟ್ರೇ. ರಿಟೈರ್ ಆದ ಮೇಲೆ ಸೋಮಾರಿ ಆಗಿಬಿಟ್ಟಿದ್ದಾರೆ. ಸ್ನಾನಕ್ಕೆ ಹೋದರೆ ಒಂದು ಗಂಟೆ. ಅಂಗಿ ಗುಂಡಿ ಹಾಕಿಕೊಳ್ಳೋಕೆ ಅರ್ಧ ಗಂಟೆ. ಮುಖದಲ್ಲಿ ನಗು ಅನ್ನೋದೇ ಇಲ್ಲ. ಒಂದು ಟಾನಿಕ್ ಬರೆದುಕೊಡಿ." ಹೊರಡುವ ಮುನ್ನ ಇನ್ನೊಂದು ದೂರನ್ನೂ ಸೇರಿಸಿದರು. ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಎರಡು ಸಲ ಚೆಕ್ ವಾಪಸು ಮಾಡಿದ್ದರಂತೆ.

ಮೇಷ್ಟರ ಕೈಗೆ ಒಂದು ಹಾಳೆ ಕೊಟ್ಟು, ಹೆಸರು ಮತ್ತು ಊರನ್ನು ನಾಲ್ಕು ಸಾಲು ಬರೆಯಲು ಹೇಳಿದೆ. ಮೊದಲ ಸಾಲಿನಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ಗುಂಡಗಿನ ಅಕ್ಷರಗಳು. ನಾಲ್ಕನೆಯ ಸಾಲಿಗೆ ಬರುವಾಗ ಅವು ಸಾಸಿವೆ ಕಾಳಿನಷ್ಟಾಗಿದ್ದವು. ನಡೆಯಲು ಹೇಳಿದೆ. ಎಡಗೈ ಬೀಸುತ್ತಿತ್ತು, ಬಲಗೈ ಮಾತ್ರ ಮೈಗೆ ಅಂಟಿಕೊಂಡಂತೆ ಇತ್ತು. ಕೈಯಲ್ಲಿ ನಡುಕವಿರಲಿಲ್ಲ. ಆದರೂ ನನಗೆ ಬಂದ ಅನುಮಾನವನ್ನು ನರರೋಗ ತಜ್ಞರು ಖಚಿತಪಡಿಸಿದರು. ಅದು ಪಾರ್ಕಿನ್ಸನ್ ರೋಗ.

ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ವಿಶ್ರಾಂತಿಯಲ್ಲಿದ್ದಾಗ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಬತ್ತಿ ಹೊಸೆಯುವಂತೆ ಕಾಣುವ ನಡುಕ ಈ ರೋಗದ ಲಕ್ಷಣ ನಿಜ. ಆದರೆ ನಡುಕವಿಲ್ಲದ ರೋಗಿಗಳೂ ಸಾಕಷ್ಟಿದ್ದಾರೆ. ಈ ರೋಗದ ತಿರುಳು ನಡುಕವಲ್ಲ, ನಿಧಾನ. ಆ ನಿಧಾನವನ್ನು ನಾವು ವಯಸ್ಸು, ಸೋಮಾರಿತನ, ಹಟ ಎಂದು ಕರೆದು ಬೈಯುತ್ತೇವೆ. ರೋಗಕ್ಕಿಂತ ಹೆಚ್ಚಾಗಿ ಈ ಬೈಗುಳವೇ ಎಷ್ಟೋ ಹಿರಿಯರನ್ನು ಮೂಲೆ ಸೇರಿಸುತ್ತಿದೆ ಎಂಬುದು ನನ್ನ ಅನುಭವದಿಂದ ಬಂದ ಅಭಿಪ್ರಾಯ.

ನೀರುಗಂಟಿ ಇಲ್ಲದ ಕೆರೆ

ಹಾಗಾದರೆ ಈ ನಿಧಾನ ಬರುವುದು ಎಲ್ಲಿಂದ? ನಮ್ಮ ಹಳ್ಳಿಯ ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿದೆ, ಕೆಳಗಿನ ಗದ್ದೆಯೂ ಚೆನ್ನಾಗಿದೆ. ಆದರೆ ತೂಬು ತೆರೆಯದಿದ್ದರೆ ಗದ್ದೆಗೆ ನೀರು ಹರಿಯುವುದಿಲ್ಲ. ಪಾರ್ಕಿನ್ಸನ್ ರೋಗದಲ್ಲಿ ಆಗುವುದು ಇದೇ. ಎದ್ದು ನಡೆಯಬೇಕೆಂಬ ಇಚ್ಛೆ ರೋಗಿಯಲ್ಲಿ ಇರುತ್ತದೆ. ಕೈಕಾಲಿನ ಸ್ನಾಯುಗಳಲ್ಲಿ ಶಕ್ತಿಯೂ ಇರುತ್ತದೆ. ನಡುವಿನ ತೂಬು ಮಾತ್ರ ಬಿಗಿದುಕೊಂಡಿರುತ್ತದೆ.

ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಮೆದುಳಿನ ಮೇಲ್ಪದರದಲ್ಲಿ ಹುಟ್ಟಿದ ಚಲನೆಯ ಸಂಕೇತ ಈ ಗುಂಪುಗಳ ಮೂಲಕ ಸುತ್ತು ಹಾಕಿ, ಥಲಮಸ್ ಎಂಬ ಭಾಗವನ್ನು ದಾಟಿ, ಮತ್ತೆ ಮೇಲ್ಪದರಕ್ಕೆ ಮರಳುತ್ತದೆ. ಈ ಸುತ್ತಿನಲ್ಲಿ ಮುಖ್ಯವಾಗಿ ಎರಡು ದಾರಿಗಳು. ಒಂದು ತೂಬನ್ನು ಎತ್ತುವ ಕೈ ಇದ್ದಂತೆ, ಬೇಕಾದ ಚಲನೆಗೆ ಅನುಮತಿ ಕೊಡುತ್ತದೆ. ಇನ್ನೊಂದು ತೂಬನ್ನು ಅದುಮುವ ಕೈ, ಬೇಡದ ಚಲನೆಯನ್ನು ತಡೆಯುತ್ತದೆ. ಎರಡೂ ಬೇಕು. ಇವೆರಡನ್ನೂ ಹದದಲ್ಲಿಡುವ ನೀರುಗಂಟಿಯೇ ಡೋಪಮೈನ್ ಎಂಬ ರಾಸಾಯನಿಕ. ಅದು ಎತ್ತುವ ಕೈಗೆ ಬಲ ಕೊಡುತ್ತದೆ, ಅದುಮುವ ಕೈಯನ್ನು ಸಡಿಲಿಸುತ್ತದೆ.

ಈ ಡೋಪಮೈನನ್ನು ತಯಾರಿಸುವ ನರಕೋಶಗಳು ನಡುಮೆದುಳಿನ ಒಂದು ಕಪ್ಪು ಪಟ್ಟಿಯಲ್ಲಿವೆ. ಪಾರ್ಕಿನ್ಸನ್ ರೋಗದಲ್ಲಿ ಇವು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ನೀರುಗಂಟಿ ಇಲ್ಲದಾದಾಗ ಎತ್ತುವ ಕೈ ಸೋಲುತ್ತದೆ, ಅದುಮುವ ಕೈ ಗೆಲ್ಲುತ್ತದೆ. ಹೆಜ್ಜೆ ಕಿರಿದಾಗುತ್ತದೆ, ಅಕ್ಷರ ಚಿಕ್ಕದಾಗುತ್ತದೆ, ದನಿ ಇಳಿಯುತ್ತದೆ, ಮುಖದ ಭಾವ ಮಾಯವಾಗುತ್ತದೆ. ಮೇಷ್ಟರಿಗೆ ಮಗನ ಮೇಲೆ ಕೋಪವಿರಲಿಲ್ಲ. ನಗುವ ಸ್ನಾಯುಗಳಿಗೆ ಅಪ್ಪಣೆ ತಲುಪುತ್ತಿರಲಿಲ್ಲ, ಅಷ್ಟೆ.

ಇದು ಬರೀ ಊಹೆಯಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿದ್ದು 1817ರಲ್ಲಿ. ಕಾರಣದ ಎಳೆ ಸಿಕ್ಕಿದ್ದು ಅದಾಗಿ 140 ವರ್ಷಗಳ ಮೇಲೆ. ಅದಕ್ಕೆ ನೆರವಾದದ್ದು ನಮ್ಮ ಸರ್ಪಗಂಧ! ಅದರ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟಾಗ ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅವಕ್ಕೆ ಲೆವೊಡೋಪ ಚುಚ್ಚಿದಾಗ ಮತ್ತೆ ಓಡಾಡಿದವು. ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮುಂದೆ 1990ರಲ್ಲಿ ಅಮೆರಿಕದ ವಿಜ್ಞಾನಿಗಳು, ಪಾರ್ಕಿನ್ಸನ್ ಲಕ್ಷಣಗಳಿದ್ದ ಕೋತಿಗಳ ಮೆದುಳಿನಲ್ಲಿ ಅದುಮುವ ದಾರಿಯ ಒಂದು ಪುಟ್ಟ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದರು. ಕೋತಿಗಳಿಗೆ ಚಲನೆ ಮರಳಿತು. ಆಯ್ದ ರೋಗಿಗಳಿಗೆ ಇಂದು ಮೆದುಳಿನೊಳಗೆ ತಂತಿ ಇಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಸ್ಪಂದನ ಕೊಡುವುದು ಹೆಚ್ಚಾಗಿ ಇದೇ ಕೇಂದ್ರಕ್ಕೆ.

ಮಾತ್ರೆಗೆ ಗಡಿಯಾರ ಮುಖ್ಯ

ಲೆವೊಡೋಪ ಇಂದಿಗೂ ಈ ರೋಗದ ಮುಖ್ಯ ಔಷಧ. ಸಾಯುವ ನರಕೋಶಗಳನ್ನು ಅದು ಉಳಿಸುವುದಿಲ್ಲ, ಆದರೆ ಬತ್ತಿದ ಡೋಪಮೈನನ್ನು ತುಂಬಿಕೊಡುತ್ತದೆ. "ಈಗಲೇ ಮಾತ್ರೆ ಶುರು ಮಾಡಿದರೆ ಮುಂದೆ ಕೆಲಸ ಮಾಡುವುದಿಲ್ಲವಂತೆ" ಎಂದು ಕಷ್ಟಪಟ್ಟು ಕಾಯುವುದರಲ್ಲಿ ಅರ್ಥವಿಲ್ಲ. ಯಾವಾಗ, ಎಷ್ಟು ಎಂಬುದನ್ನು ತಜ್ಞರು ನಿರ್ಧರಿಸಲಿ.

ಈ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಬೇಳೆ, ಮೊಟ್ಟೆ, ಹಾಲು, ಮಾಂಸದ ಪ್ರೋಟೀನು ಅದರ ಹೀರುವಿಕೆಗೆ ಅಡ್ಡಿ ಮಾಡಬಲ್ಲದು. ದಿನವೂ ಅದೇ ಹೊತ್ತಿಗೆ ಕೊಡಿ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೂ ಹೊತ್ತು ತಪ್ಪದಂತೆ ಅಲ್ಲಿನ ವೈದ್ಯರಿಗೆ ಹೇಳಿ. ಥಟ್ಟನೆ ನಿಲ್ಲಿಸಿದರೆ ವಿಪರೀತ ಬಿಗಿತ, ಜ್ವರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ನಿಜ. 1937ರಲ್ಲಿಯೇ ಅದನ್ನು ಬೇರ್ಪಡಿಸಲಾಗಿತ್ತು. ಆದರೆ ಅಂಗಡಿಯ ಪುಡಿಯಲ್ಲಿ ಅದು ಎಷ್ಟಿದೆಯೆಂದು ಬಲ್ಲವರು ಯಾರು? ಮಾತ್ರೆಯ ಜೊತೆಗೆ ಅದನ್ನೂ ತಿಂದು ಪ್ರಮಾಣ ಏರುಪೇರು ಮಾಡಿಕೊಳ್ಳಬೇಡಿ.

ನಾವು ವೈದ್ಯರು ಮಾಡುವ ತಪ್ಪು

ಬೈಯುವ ಮನೆಯವರನ್ನು ದೂರಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ತಲೆಸುತ್ತು ಎಂದು ಬಂದ ಅಜ್ಜಿಯೊಬ್ಬರಿಗೆ ಸಿನ್ನಾರಿಜಿನ್ ಮಾತ್ರೆಯನ್ನು ಹದಿನೈದು ದಿನಕ್ಕೆಂದು ಬರೆದುಕೊಟ್ಟಿದ್ದೆ. ಯಾವಾಗ ನಿಲ್ಲಿಸಬೇಕೆಂದು ಒತ್ತಿ ಹೇಳಲಿಲ್ಲ. ಅವರು ಅದೇ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಒಂದು ವರ್ಷ ತಂದು ತಿಂದರು. ಮೈ ಬಿಗಿಯಿತು, ನಡಿಗೆ ನಿಧಾನವಾಯಿತು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಿದ್ದರು. ಮಾತ್ರೆ ನಿಲ್ಲಿಸಿದ ಮೂರು ತಿಂಗಳಿಗೆ ಅಜ್ಜಿ ಮತ್ತೆ ಹೂ ಕಟ್ಟುತ್ತಿದ್ದರು.

ಇದು ನಿಜವಾದ ಪಾರ್ಕಿನ್ಸನ್ ರೋಗವಲ್ಲ, ಔಷಧಿಯಿಂದ ಬಂದ ಅದರ ಛಾಯೆ. ತಲೆಸುತ್ತು ಮತ್ತು ಅರೆತಲೆನೋವಿಗೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗ್ಯಾಸಿನ ಮಾತ್ರೆಯ ಜೊತೆ ಬೆರೆಸಿ ಬರುವ ಲೆವೊಸಲ್ಪಿರೈಡ್, ಇವೆಲ್ಲ ಮೆದುಳಿನಲ್ಲಿ ಡೋಪಮೈನ್ ಕೆಲಸಕ್ಕೆ ಅಡ್ಡಿ ಮಾಡಬಲ್ಲವು. ಮನೋರೋಗದ ಕೆಲವು ಔಷಧಗಳೂ ಹಾಗೆಯೇ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಕೂಡದು. ಹಿರಿಯರ ನಡೆ ನಿಧಾನವಾಗಿದ್ದರೆ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತುಂಬಿ ವೈದ್ಯರ ಮುಂದೆ ಸುರಿಯಿರಿ. ಸ್ಕ್ಯಾನ್ ಮಾಡಿಸುವ ಮೊದಲು ಇದು ಆಗಬೇಕು. ಈ ರೋಗದಲ್ಲಿ ಸಾಮಾನ್ಯ ಸ್ಕ್ಯಾನ್ ಬಹುತೇಕ ಸರಿಯಾಗಿಯೇ ಬರುತ್ತದೆ. ರೋಗ ಪತ್ತೆಯಾಗುವುದು ವೈದ್ಯರ ಕಣ್ಣು ಮತ್ತು ಕೈಯಿಂದ.

ಬಾಗಿಲಲ್ಲಿ ನಿಂತ ಕಾಲು

ರೋಗಿ ಹೊಸ್ತಿಲ ಬಳಿ ಕಾಲು ನೆಟ್ಟಂತೆ ನಿಂತುಬಿಡುವುದುಂಟು. ಆಗ ಕೈಹಿಡಿದು ಎಳೆಯಬೇಡಿ, ಬೀಳುತ್ತಾರೆ. "ಬೇಗ, ಬೇಗ" ಎಂದಷ್ಟೂ ಕಾಲು ಇನ್ನಷ್ಟು ಕಟ್ಟಿಹೋಗುತ್ತದೆ. ಪಕ್ಕದಲ್ಲಿ ನಿಂತು "ಒಂದು, ಎರಡು" ಎಂದು ತಾಳ ಹಾಕಿದಂತೆ ಎಣಿಸಿ. ಓಡಾಡುವ ಜಾಗದಲ್ಲಿ ಹೆಜ್ಜೆಗೊಂದರಂತೆ ಬಣ್ಣದ ಟೇಪನ್ನು ನೆಲಕ್ಕೆ ಅಡ್ಡವಾಗಿ ಅಂಟಿಸಿ, ಗೆರೆ ದಾಟಲು ಹೇಳಿ. ಹೆಜ್ಜೆ ಎತ್ತಲಾರದವರು ಗೆರೆ ದಾಟುವುದನ್ನು ಕಂಡು ಮನೆಯವರು "ನೋಡಿ, ಇಷ್ಟು ದಿನ ನಾಟಕ ಮಾಡುತ್ತಿದ್ದರು" ಎನ್ನುವುದೂ ಉಂಟು. ಅದು ನಾಟಕವಲ್ಲ. ಅಭ್ಯಾಸಬಲದಿಂದ ತಾನಾಗಿ ಆಗುವ ಚಲನೆ ಕೆಟ್ಟುಹೋದ ತೂಬಿನ ಮೂಲಕ ಬರಬೇಕು. ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಕೇಳುವ ತಾಳ ಪಕ್ಕದ ಕಾಲುವೆ ಹಿಡಿದು ಬರುತ್ತವೆ.

ಮೇಷ್ಟರಿಗೆ ಈಗಲೂ ರೋಗವಿದೆ, ಇರುತ್ತದೆ. ಔಷಧಿ ಮತ್ತು ದಿನನಿತ್ಯದ ವ್ಯಾಯಾಮದಿಂದ ಅಂಗಿ ಗುಂಡಿಗಳನ್ನು ತಾವೇ ಹಾಕಿಕೊಳ್ಳುತ್ತಾರೆ, ಹತ್ತು ನಿಮಿಷ ಹಿಡಿಯುತ್ತದೆ. ಕಳೆದ ಸಲ ಬಂದಾಗ ಮಗ ಗಡಿಯಾರ ನೋಡಲಿಲ್ಲ. "ಅಪ್ಪ ರೆಡಿಯಾಗಲಿ ಅಂತ ಅರ್ಧ ಗಂಟೆ ಮೊದಲೇ ಹೊರಟೆವು ಡಾಕ್ಟ್ರೇ" ಎಂದರು.

ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಇತ್ತೀಚೆಗೆ ನಿಧಾನವಾಗಿದ್ದಾರೆಯೇ? ಬೈಯುವ ಮೊದಲು ಒಂದು ಹಾಳೆ ಕೊಟ್ಟು ನಾಲ್ಕು ಸಾಲು ಬರೆಸಿ ನೋಡಿ. ನಡೆಯುವಾಗ ಎರಡೂ ಕೈ ಬೀಸುತ್ತಿವೆಯೇ ಗಮನಿಸಿ. ಅನುಮಾನ ಬಂದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಮೊದಲ ಉತ್ತರವನ್ನು ಅವರೇ ಹೇಳಲಿ. ಸ್ವಲ್ಪ ತಡವಾದರೂ ಕಾಯಿರಿ.