ಬಾತ್ ನಗರದ ಸೈಕಲ್ ಹಾದಿಗಳು ಮತ್ತು ನಮ್ಮ ಮಕ್ಕಳ ಶಾಲೆಯ ದಾರಿ

ಸೈಕಲ್ಲನ್ನು ಬಡವರ ವಾಹನವೆಂದು ಗಣಿಸಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದೊಡನೆ ಅದನ್ನು ಹಿತ್ತಿಲ ಗೋಡೆಗೆ ಒರಗಿಸಿಬಿಡುವ ರೂಢಿ ನಮ್ಮಲ್ಲಿದೆ. ರೋಮನರ ಕಾಲದಿಂದಲೂ ಸಿರಿವಂತರು ಮೀಯಲು ಬರುತ್ತಿದ್ದ ಊರೊಂದರಲ್ಲಿ ವೈದ್ಯರೂ ವಕೀಲರೂ ಮುದುಕಿಯರೂ ಮಕ್ಕಳೂ ಒಂದೇ ಹಾದಿಯಲ್ಲಿ ಸೈಕಲ್ ತುಳಿಯುವುದನ್ನು ಕಂಡವನಿಗೆ ಈ ರೂಢಿಯ ಬಗೆಗೆ ಎರಡು ಮಾತು ಹೇಳಬೇಕೆನಿಸುವುದು ಸಹಜ. ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ, ಏವನ್ ನದಿಯ ತಿರುವಿನಲ್ಲಿರುವ ಬಾತ್ ಆ ಊರು. ಮಗಳ ಮನೆಯಲ್ಲಿ ಎರಡು ಬೇಸಗೆಗಳನ್ನು ಕಳೆದ ನನಗೆ ಅದರ ಸುತ್ತಣ ಹಾದಿಗಳನ್ನು ನಿಧಾನವಾಗಿ ತುಳಿದು ನೋಡುವ ಅವಕಾಶ ಲಭಿಸಿತು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಪ್ರವಾಸ ಕಥನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದ್ದಾರೆ. ಕಥನದ ನೆವದಲ್ಲಿ ನಾನು ಒಂದು ವಾದವನ್ನೇ ಮಂಡಿಸುತ್ತೇನೆ: ತಾಯಿಯೊಬ್ಬಳು ತನ್ನ ಹತ್ತು ವರ್ಷದ ಮಗಳನ್ನು ನಿಶ್ಚಿಂತೆಯಿಂದ ಕಳುಹಿಸಬಲ್ಲ ಹಾದಿಯೇ ಪ್ರವಾಸಿಗೂ ಅತ್ಯುತ್ತಮವಾದ ಹಾದಿ.

ಊರಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಇಲ್ಲಿನ ಬಿಸಿನೀರಿನ ಬುಗ್ಗೆಯಿಂದ ದಿನವೊಂದಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಮೀರಿ ನೀರು ಸುಮಾರು 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಉಕ್ಕಿ ಬರುತ್ತದೆ. ರೋಮನರು ಕಟ್ಟಿದ ಸ್ನಾನಗೃಹವನ್ನು ಇಂದು ನೋಡಬಹುದು, ಅದರಲ್ಲಿ ಮೀಯುವಂತಿಲ್ಲ. ಮೀಯಬಯಸುವವರಿಗೆ 2006ರಲ್ಲಿ ಬೇರೊಂದು ಸ್ನಾನಗೃಹ ತೆರೆದಿದೆ; ಅಲ್ಲಿನ ಶುಲ್ಕವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಮೇಲೆ ನಾನು ಹೊರಗಿನಿಂದಲೇ ಕೈಮುಗಿದು ಬಂದೆ. ಬುಗ್ಗೆಯ ನೀರನ್ನು ಮಾತ್ರ ಒಂದು ಲೋಟ ಕುಡಿದೆ. ಉಗುರುಬೆಚ್ಚಗೆ, ಕಬ್ಬಿಣದ ರುಚಿ. ಜನ್ಮಕ್ಕೊಂದು ಲೋಟ ಸಾಕು. ಹದಿನೆಂಟನೆಯ ಶತಮಾನದಲ್ಲಿ ಜೇನುಬಣ್ಣದ ಕಲ್ಲಿನಿಂದ ಕಟ್ಟಿದ ಮನೆಗಳ ಸಾಲುಗಳಿಗಾಗಿಯೂ ರೋಮನ್ ಅವಶೇಷಗಳಿಗಾಗಿಯೂ 1987ರಲ್ಲಿ ಈ ನಗರ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಇದೆಲ್ಲವೂ ಮಾರ್ಗದರ್ಶಿ ಪುಸ್ತಕಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಸಾಕಷ್ಟು ಒತ್ತು ಸಿಗದಿರುವ ಸಂಗತಿಯೆಂದರೆ, ಬಾತ್ ಒಂದು ಬಟ್ಟಲಿನ ತಳದಲ್ಲಿ ಕುಳಿತಂತಿದೆ. ನದಿಯನ್ನು ಬಿಟ್ಟು ಯಾವ ದಿಕ್ಕಿಗೆ ತಿರುಗಿದರೂ ಏರು. ನನ್ನಂಥ ವಯಸ್ಸಾದವನು ಸೈಕಲ್ಲಿನಿಂದ ಇಳಿದು ತಳ್ಳಬೇಕಾದ ಏರು.

ಹಾಗಿದ್ದೂ ಇಲ್ಲಿ ಸೈಕಲ್ ಸವಾರಿ ಸುಲಭವಾಗಿರುವುದಕ್ಕೆ ಕಾರಣ, ಮೂರು ಮುಖ್ಯ ಹಾದಿಗಳೂ ಮೊದಲು ಸೈಕಲ್ಲಿಗಾಗಿ ನಿರ್ಮಾಣಗೊಂಡವುಗಳಲ್ಲ. ಎರಡು ಹಳೆಯ ರೈಲು ಮಾರ್ಗಗಳು, ಒಂದು ಕಾಲುವೆಯ ದಂಡೆ. ಉಗಿಬಂಡಿಗೆ ಕಡಿದಾದ ಏರು ಆಗದು. ನೀರಿಗಂತೂ ಏರೇ ಆಗದು. ಅಂದಿನ ಎಂಜಿನಿಯರರು ಗುಡ್ಡ ಕಡಿದು, ಕಣಿವೆ ತುಂಬಿ ಸಮತಟ್ಟು ಮಾಡಿದ ನೆಲ ಇಂದಿನ ಸವಾರನಿಗೆ ಪಿತ್ರಾರ್ಜಿತವಾಗಿ ಬಂದಿದೆ.

ಮೊದಲನೆಯದು ಬ್ರಿಸ್ಟಲ್ ನಗರದಿಂದ ಬಾತ್‌ವರೆಗಿನ 13 ಮೈಲಿಗಳ ಹಾದಿ. ಇದು ಮಿಡ್ಲೆಂಡ್ ರೈಲ್ವೆ ಕಂಪನಿಯ ಹಳೆಯ ಮಾರ್ಗ. 1966ರಲ್ಲಿ ಪ್ರಯಾಣಿಕರ ಬಂಡಿಗಳು ನಿಂತವು, ಮುಂದೆ ಸರಕಿನ ಬಂಡಿಗಳೂ ನಿಂತು ಹಳಿಗಳನ್ನು ಕಿತ್ತೊಯ್ದರು. ಮುಳ್ಳುಗಂಟಿ ಬೆಳೆದು ಕಸ ಸುರಿಯುವ ತಾಣವಾಗಬೇಕಾಗಿದ್ದ ಆ ಜಾಡನ್ನು 1977ರಲ್ಲಿ ಬ್ರಿಸ್ಟಲ್ಲಿನಲ್ಲಿ ಹುಟ್ಟಿದ ‘ಸೈಕಲ್‌ಬ್ಯಾಗ್’ ಎಂಬ ಪುಟ್ಟ ಗುಂಪು ಕೈಗೆತ್ತಿಕೊಂಡಿತು. ಅವರಲ್ಲಿ ಮುಂದಾಳು ಜಾನ್ ಗ್ರಿಮ್‌ಶಾ ಎಂಬ ಎಂಜಿನಿಯರು. 1979ರಲ್ಲಿ ಬಾತ್ ಕಡೆಯ ತುದಿಯಿಂದ ಕೆಲಸ ಪ್ರಾರಂಭವಾಯಿತು. ಸ್ವಯಂಸೇವಕರೇ ಸಲಿಕೆ ಹಿಡಿದು ಜಲ್ಲಿ ಹರಡಿದರು. ಪೂರ್ತಿ ಹಾದಿ ಮುಗಿಯಲು 1986 ಆಯಿತು. ಅದೇ ಗುಂಪು ಬೆಳೆದು ‘ಸಸ್ಟ್ರಾನ್ಸ್’ ಎಂಬ ಸಂಸ್ಥೆಯಾಯಿತು. 1995ರಲ್ಲಿ ಲಾಟರಿ ನಿಧಿಯಿಂದ 4 ಕೋಟಿ 25 ಲಕ್ಷ ಪೌಂಡುಗಳ ನೆರವು ಪಡೆದು ಇಡೀ ದೇಶಕ್ಕೆ ಸೈಕಲ್ ಹಾದಿಗಳ ಜಾಲವೊಂದನ್ನು ನೇಯತೊಡಗಿತು. ಮೊದಲು ಸಲಿಕೆ, ಆಮೇಲೆ ಅನುದಾನ ಎಂಬ ಈ ಕ್ರಮವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಗಡಿನಾಡಿನ ನಾವು ಮನವಿ ಪತ್ರಗಳ ಸಾಹಿತ್ಯದಲ್ಲಿ ನಿಷ್ಣಾತರು. ಸಲಿಕೆಯ ವಿಷಯದಲ್ಲಿ ಅಷ್ಟಿಲ್ಲ.

ಈ ಹಾದಿಯ ಮೇಲೆ ಹೋಗುವಾಗ ಏವನ್ ನದಿಯನ್ನು ಹಲವು ಬಾರಿ ಹಳೆಯ ರೈಲು ಸೇತುವೆಗಳ ಮೇಲೆ ದಾಟುತ್ತೇವೆ. ಬಿಟ್ಟನ್ ಎಂಬಲ್ಲಿ ಹಳೆಯ ನಿಲ್ದಾಣವಿದ್ದು, ಆಸಕ್ತರು ಹಾದಿಯ ಪಕ್ಕದಲ್ಲೇ ಸ್ವಲ್ಪ ದೂರ ಹಳಿಗಳನ್ನು ಮತ್ತೆ ಹಾಕಿ ಉಗಿಬಂಡಿ ಓಡಿಸುತ್ತಾರೆ. ಎಂಜಿನ್ನಿನ ಹೊಗೆಯೂ ಸೈಕಲ್ಲಿನ ಗಂಟೆಯೂ ಒಟ್ಟೊಟ್ಟಿಗೆ ಸಾಗುವ ನೋಟ ಚೆನ್ನ. ಬೆಳಗಿನ ಹೊತ್ತು ಮಾತ್ರ ಪ್ರವಾಸಿಗಳು ಇಲ್ಲಿ ಅಲ್ಪಸಂಖ್ಯಾತರು. ಕಚೇರಿಗೆ ಹೋಗುವವರು, ಬೆನ್ನಿಗೆ ಚೀಲ ಹಾಕಿದ ಶಾಲಾ ಮಕ್ಕಳು, ನಾಯಿ ಹಿಡಿದ ವೃದ್ಧರು. ಹಾದಿ ಅವರದು, ನಾವು ಅತಿಥಿಗಳು. 2008ರಲ್ಲಿ ಬ್ರಿಸ್ಟಲ್ ಕಡೆಯ ಭಾಗದ ಮೇಲೆ ತ್ವರಿತ ಬಸ್ಸುಗಳನ್ನು ಓಡಿಸುವ ಪ್ರಸ್ತಾಪ ಬಂದಾಗ ಪ್ರಬಲ ವಿರೋಧ ಎದ್ದು, ಪ್ರಸ್ತಾಪವನ್ನು ಕೈಬಿಡಬೇಕಾಯಿತು. ರಜೆಗೆ ಬಂದು ಹೋಗುವವರ ಹಾದಿಯಾಗಿದ್ದರೆ ಅದಕ್ಕಾಗಿ ಯಾರು ಬೀದಿಗಿಳಿಯುತ್ತಿದ್ದರು?

ಎರಡನೆಯದು ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆ. ಜಾನ್ ರೆನಿ ಎಂಬ ಎಂಜಿನಿಯರು ರೂಪಿಸಿದ ಈ ಕಾಲುವೆ 1810ರಲ್ಲಿ ಪೂರ್ಣಗೊಂಡಿತು. ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳು ನಡೆಯಲೆಂದು ಮಾಡಿದ ದಂಡೆಯೇ ಇಂದು ಸೈಕಲ್ ಹಾದಿ. ಬಾತ್‌ನಿಂದ ಬ್ರಾಡ್‌ಫರ್ಡ್ ಆನ್ ಏವನ್ ಎಂಬ ಊರಿನತ್ತ ನೀರಿನ ಮಟ್ಟ ಬಹು ದೂರ ಒಂದೇ ಸಮನಾಗಿರುವುದರಿಂದ ಕಾಲಿಗೆ ಶ್ರಮವೇ ತಿಳಿಯದು. ಕಾಲುವೆಯೇ ನದಿಯನ್ನು ಕಲ್ಲಿನ ಮೇಲ್ಗಾಲುವೆಗಳ ಮೇಲೆ ಎರಡು ಕಡೆ ದಾಟುತ್ತದೆ. ಡಂಡಾಸ್ ಮೇಲ್ಗಾಲುವೆಯ ಮೇಲೆ ನಿಂತು ಕೆಳಗೆ ಹರಿಯುವ ನದಿಯನ್ನು ನೋಡುವಾಗ ಯಾವ ನೀರು ಯಾವ ನೀರಿನ ಮೇಲಿದೆಯೆಂದು ಒಂದು ಕ್ಷಣ ತಲೆ ತಿರುಗುತ್ತದೆ. ಇನ್ನೂ ಮುಂದೆ ಹೋಗಬಲ್ಲವರಿಗೆ ಡಿವೈಜಸ್ ಬಳಿ 29 ಕಟ್ಟೆಬಾಗಿಲುಗಳ ಸಾಲಿದೆ. ದೋಣಿಗಳು ಮೆಟ್ಟಿಲು ಹತ್ತುವಂತೆ ಬೆಟ್ಟ ಹತ್ತುತ್ತವೆ. ಈ ಕಾಲುವೆಯೂ ಒಮ್ಮೆ ಹೂಳು ತುಂಬಿ ಹಾಳುಬಿದ್ದದ್ದೇ. ಸ್ವಯಂಸೇವಕರ ದಶಕಗಳ ದುಡಿಮೆಯ ಫಲವಾಗಿ 1990ರಲ್ಲಿ ಮತ್ತೆ ತೆರೆಯಿತು. ಇಷ್ಟಾಗಿಯೂ ದಂಡೆ ಕಿರಿದು. ನಡೆಯುವವರ ಬೆನ್ನ ಹಿಂದೆ ವೇಗವಾಗಿ ನುಗ್ಗುವ ಯುವಕರನ್ನು ಕಂಡು ನನಗೆ ಸಿಟ್ಟು ಬಂದದ್ದುಂಟು. ಅಂಥ ಕಡೆ ನಿಧಾನವಾಗಿ ಹೋಗಲಾರದವರು ಡಾಂಬರು ರಸ್ತೆಗೆ ಹೋಗಲಿ ಎಂಬುದು ನನ್ನ ನಿಷ್ಠುರವಾದ ಅಭಿಪ್ರಾಯ.

ಮೂರನೆಯದು 2013ರ ಏಪ್ರಿಲ್‌ನಲ್ಲಿ ತೆರೆದ ‘ಎರಡು ಸುರಂಗಗಳ ಹಸಿರು ಹಾದಿ’. ಸಾಮರ್‌ಸೆಟ್ ಮತ್ತು ಡಾರ್ಸೆಟ್ ರೈಲು ಮಾರ್ಗ ಬಾತ್‌ಗೆ ಬಂದದ್ದು 1874ರಲ್ಲಿ, ಮುಚ್ಚಿದ್ದು 1966ರಲ್ಲಿ. ಕೂಮ್ ಡೌನ್ ಸುರಂಗದ ಉದ್ದ 1,672 ಮೀಟರ್. ಅಂದರೆ ಒಂದು ಮೈಲಿಗೂ ಮಿಗಿಲು. ನಡುವೆ ಗಾಳಿಕಿಂಡಿಯಿಲ್ಲದ ಇಕ್ಕಟ್ಟಾದ ಸುರಂಗವಾದ್ದರಿಂದ 1929ರಲ್ಲಿ ಹೊಗೆಗೆ ಸಿಲುಕಿದ ಎಂಜಿನ್ ಚಾಲಕನೂ ಸಂಗಡಿಗನೂ ಎಚ್ಚರ ತಪ್ಪಿ, ಹಿಡಿತವಿಲ್ಲದ ಬಂಡಿ ಇಳಿಜಾರಿನಲ್ಲಿ ಬಾತ್ ನಗರದ ಸರಕು ಅಂಗಳಕ್ಕೆ ನುಗ್ಗಿ ಮೂವರು ಮಡಿದರು. ಅದೇ ಸುರಂಗದಲ್ಲಿ ಇಂದು ದೀಪಗಳು ಸಾಲಾಗಿ ಉರಿಯುತ್ತವೆ, ನಡುಭಾಗದಲ್ಲಿ ಸವಾರ ಬಂದಂತೆ ಸಂಗೀತ ಕೇಳಿಬರುತ್ತದೆ. ಕಡು ಬೇಸಗೆಯಲ್ಲೂ ಒಳಗೆ ಚಳಿ. ಸುರಂಗ ದಾಟಿ ಮಿಡ್‌ಫರ್ಡ್ ಕಡೆಯಿಂದ ಬಳಸಿ ಡಂಡಾಸ್ ತಲುಪಿ ಕಾಲುವೆಯ ದಂಡೆಯಲ್ಲಿ ಊರಿಗೆ ಮರಳಿದರೆ ಸುಮಾರು 13 ಮೈಲಿಗಳ ಸುತ್ತು. ಒಂದೇ ದಿನ ಬಾತ್‌ನಲ್ಲಿರುವ ಪ್ರವಾಸಿ ಸ್ನಾನಗೃಹದ ಸರತಿಯಲ್ಲಿ ನಿಲ್ಲುವುದಕ್ಕಿಂತ ಈ ಸುತ್ತನ್ನು ಆರಿಸಿಕೊಳ್ಳುವುದು ಲೇಸು.

ಇಷ್ಟು ದೂರದ ಸಂಗತಿಯನ್ನು ಹೊಸೂರು ಸೀಮೆಯ ಕನ್ನಡ ಶಾಲೆಯ ಸಂಚಿಕೆಯಲ್ಲೇಕೆ ಬರೆಯಬೇಕು? ಕಾರಣವಿದೆ. ತಮಿಳುನಾಡು ಸರಕಾರ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತಿರುವುದು ಸ್ತುತ್ಯವಾದ ಕಾರ್ಯ. ಆ ಸೈಕಲ್ಲು ಓಡಬೇಕಾದ ದಾರಿ ಮಾತ್ರ ಲಾರಿಗಳದು. ಕನ್ನಡ ಮಾಧ್ಯಮದ ಮಗುವಿಗೆ ಈ ತೊಂದರೆ ಇತರ ಮಕ್ಕಳಿಗಿಂತ ಒಂದು ಪಟ್ಟು ಹೆಚ್ಚು. ತಮಿಳು ಶಾಲೆ ಅವನ ಹಳ್ಳಿಯಲ್ಲೇ ಇದ್ದೀತು. ಕನ್ನಡ ಶಾಲೆಗಾಗಿ ಐದಾರು ಕಿಲೋಮೀಟರು ಬರಬೇಕು, ಹೆದ್ದಾರಿ ದಾಟಬೇಕು. ‘ಭಾಷೆಯ ಮೇಲೆ ನಮಗೇನೂ ದ್ವೇಷವಿಲ್ಲ ಸ್ವಾಮಿ, ಮಗು ಸಂಜೆ ಮನೆಗೆ ಬರಬೇಕಲ್ಲ’ ಎಂದು ತಾಯಿಯೊಬ್ಬರು ನನಗೆ ಹೇಳಿದ ಮಾತಿಗೆ ಯಾವ ಅಭಿಮಾನದ ಭಾಷಣವೂ ಉತ್ತರವಾಗಲಾರದು. ಶಾಲೆಯ ಹಾಜರಿ ಪುಸ್ತಕ ತೆಳುವಾಗುತ್ತಿರುವುದಕ್ಕೆ ನಾವು ಆಂಗ್ಲ ಮಾಧ್ಯಮವನ್ನು, ಕಾಲಧರ್ಮವನ್ನು ದೂರುತ್ತೇವೆ. ದಾರಿಯನ್ನು ದೂರಿದವರನ್ನು ನಾನು ಕಾಣೆ.

ನಮ್ಮಲ್ಲಿ ಸಮತಟ್ಟಾದ ಜಾಡುಗಳಿಗೆ ಬರವೇ? ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆಗಳಿಗೆ ದಂಡೆಗಳಿವೆ. ಕೆರೆಗಳಿಗೆ ಏರಿಗಳಿವೆ. ಹೊಲಗಳ ನಡುವೆ ಹಳೆಯ ಬಂಡಿದಾರಿಗಳಿವೆ. ಕೆಲವು ಬೇಲಿಯೊಳಕ್ಕೆ ಸೇರಿಹೋಗಿದ್ದರೂ ಗ್ರಾಮ ನಕ್ಷೆಯಲ್ಲಿ ಇನ್ನೂ ಉಸಿರಾಡುತ್ತಿವೆ. ಇವುಗಳನ್ನು ಜೋಡಿಸಿದರೆ ಹೆದ್ದಾರಿಯನ್ನು ಬಹುಪಾಲು ತಪ್ಪಿಸಿ ಶಾಲೆ ತಲುಪಬಹುದೆಂದು ನನ್ನ ಅಂದಾಜು. ನಿರ್ಜನವಾದ ದಂಡೆ ಹೆದ್ದಾರಿಗಿಂತ ಭಯಾನಕವಲ್ಲವೇ, ಹೆಣ್ಣುಮಕ್ಕಳನ್ನು ಹೇಗೆ ಕಳುಹಿಸುವುದು ಎಂದು ಕೇಳುವವರ ಆಕ್ಷೇಪಣೆ ನ್ಯಾಯವಾದದ್ದು. ಬಾತ್ ಹಾದಿಯಲ್ಲೂ ಕತ್ತಲಾದ ಮೇಲೆ ಒಂಟಿಯಾಗಿ ಹೋಗಲು ಅಳುಕುವವರಿದ್ದಾರೆ. ಹಾದಿಯನ್ನು ರೈತರೂ ಹಾಲು ಹಾಕುವವರೂ ಬಳಸುವಂತಾದರೆ ನಿರ್ಜನತೆ ಕಡಮೆಯಾದೀತು; ಅಲ್ಲಿಯವರೆಗೆ ಊರೊಂದರ ಮಕ್ಕಳು ಒಟ್ಟಾಗಿ, ಹಿರಿಯರೊಬ್ಬರ ಜತೆಯಲ್ಲಿ ಹೊರಡಬೇಕು. ನೀರಿನ ಕಡೆಗೆ ತಡೆಗಂಬಗಳಿಲ್ಲದೆ ಯಾವ ಮಗುವನ್ನೂ ಕಾಲುವೆಯ ದಂಡೆಗೆ ಬಿಡಬಾರದೆಂಬುದನ್ನು ಒತ್ತಿ ಹೇಳುತ್ತೇನೆ.

ಮಹೋತ್ಸವದ ಖರ್ಚು ಕಳೆದು ಹಣ ಉಳಿದರೆ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸುವ ಆಲೋಚನೆ ಇದೆಯೆಂದು ಕೇಳಿದ್ದೇನೆ. ಕಮಾನನ್ನು ವಿರೋಧಿಸುವಷ್ಟು ಧೈರ್ಯ ನನಗಿಲ್ಲ. ಅದಕ್ಕೆ ಮೊದಲು ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳು ಹತ್ತು ಮಂದಿ, ಗ್ರಾಮ ನಕ್ಷೆಯನ್ನೂ ಅಳತೆ ಪಟ್ಟಿಯನ್ನೂ ಹಿಡಿದು, ಅತಿ ದೂರದ ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬನನ್ನು ಮುಂದಿಟ್ಟುಕೊಂಡು ಅವನ ಮನೆಯಿಂದ ಶಾಲೆಯವರೆಗೆ ಸೈಕಲ್ ತುಳಿದು ಬರೋಣ. ಎಲ್ಲಿ ಮೋರಿ ಕುಸಿದಿದೆ, ಎಲ್ಲಿ ಜಾಲಿ ಬೆಳೆದಿದೆ, ಹೆದ್ದಾರಿಯನ್ನು ಯಾವ ಜಾಗದಲ್ಲಿ ದಾಟಬೇಕಾಗುತ್ತದೆ ಎಂಬುದನ್ನು ಬರೆದುಕೊಂಡರೆ ನೀರಾವರಿ ಇಲಾಖೆಯ ಮುಂದೆ ಒಯ್ಯಲು ಕಾಗದವೊಂದು ಸಿದ್ಧವಾಗುತ್ತದೆ. ಜಾಲಿಯನ್ನು ಕಡಿಯಲು ಇಲಾಖೆಗೆ ಕಾಯಬೇಕಾದ್ದಿಲ್ಲ. ಮಳೆಗಾಲಕ್ಕೆ ಮುಂಚೆ ಯಾವ ಭಾನುವಾರವಾದರೂ ಸರಿ. ನನ್ನ ಸೈಕಲ್ಲಿನ ಹಿಂದಿನ ಟೈರು ಬದಲಾಯಿಸಿಕೊಂಡಿದ್ದೇನೆ.